ಜಾರಿದ ಸಹಧರ್ಮಿಯನ್ನು ಎತ್ತುವ ಬಗೆ

ಒಂದೇ ಧರ್ಮದಲ್ಲಿ ನಡೆಯುವ ಇಬ್ಬರಲ್ಲಿ ಒಬ್ಬನ ಶ್ರದ್ಧೆ ಸಡಿಲಗೊಂಡಾಗ ಮತ್ತೊಬ್ಬನ ಕರ್ತವ್ಯವೇನು? ಪ್ರಶ್ನೆಯು ಸುಲಭವಾಗಿ ತೋರುವುದು, ಉತ್ತರವು ಸುಲಭವಲ್ಲ. ಸುಮ್ಮನಿದ್ದರೆ ಉಪೇಕ್ಷೆಯ ದೋಷ. ಗದರಿಸಿದರೆ ಅಹಂಕಾರದ ದೋಷ. ಬಲಾತ್ಕರಿಸಿದರೆ ಹಿಂಸೆಯ ದೋಷ. ಈ ಮೂರು ದೋಷಗಳ ನಡುವೆ ಹಾದುಹೋಗುವ ಕಿರುದಾರಿ ಯಾವುದೆಂಬುದನ್ನು ಕ್ರೈಸ್ತಮತದವರು ಸುಮಾರು ಎರಡು ಸಾವಿರ ವರ್ಷಗಳಿಂದ ಅರಸುತ್ತ ಬಂದಿದ್ದಾರೆ. ಅವರು ಕಂಡುಕೊಂಡುದೂ ಉಂಟು, ಎಡವಿದುದೂ ಉಂಟು. ಎರಡೂ ವಿಚಾರಾರ್ಹವಾದವು. ಮಗನೋ ಸೋದರನೋ ಗೆಳೆಯನೋ ತಾನು ನಂಬಿದ ದಾರಿಯಿಂದ ಸರಿದುಹೋಗುವುದನ್ನು ಕಣ್ಣಾರೆ ಕಾಣುವ ನೋವು ಯಾವ ಮತದ ಗೃಹಸ್ಥನಿಗೂ ಅಪರಿಚಿತವಲ್ಲ. ಆದುದರಿಂದ ಅನ್ಯರ ಅನುಭವವನ್ನು ಗೌರವದಿಂದ ಅರಿಯುವುದು ವಿವೇಕಿಗಳಿಗೆ ಉಚಿತವಾದುದೇ ಸರಿ.

ಮೊದಲು ಜಾರುವಿಕೆ ಎಂದರೇನೆಂಬುದನ್ನು ವಿಂಗಡಿಸಿಕೊಳ್ಳಬೇಕು. ರೋಗವನ್ನರಿಯದೆ ಮದ್ದು ಕೊಡುವ ವೈದ್ಯನು ರೋಗಿಗೆ ಹಿತನಲ್ಲ. ಕ್ರೈಸ್ತರ ಸತ್ಯವೇದದಲ್ಲಿಯೇ ಹಲವು ಬಗೆಯ ಜಾರುವಿಕೆಗಳು ಕಾಣಬರುತ್ತವೆ. ತೋಮನೆಂಬ ಶಿಷ್ಯನು ಸಂಶಯದಿಂದ ಹಿಂದೆಗೆದನು. ಕಣ್ಣಿಂದ ಕಂಡು ಕೈಯಿಂದ ಮುಟ್ಟಿದ ಹೊರತು ಗುರುವಿನ ಪುನರುತ್ಥಾನವನ್ನು ಒಪ್ಪಲಾರೆನೆಂದನು. ಪೇತ್ರನು ಭಯದಿಂದ ಜಾರಿದನು. ಗುರುವಿನ ಬಂಧನದ ರಾತ್ರಿಯಲ್ಲಿ ಮೂರು ಸಲ ಗುರುವನ್ನೇ ಅರಿಯೆನೆಂದನು. ಕ್ಲೆಯೊಫನೂ ಅವನ ಸಂಗಾತಿಯೂ ನಿರಾಶೆಯಿಂದ ಊರು ಬಿಟ್ಟು ನಡೆದರು. ದೇಮನೆಂಬವನು ಲೋಕದ ಮೇಲಣ ಆಸೆಯಿಂದ ಪೌಲನನ್ನು ತೊರೆದುಹೋದನು. ಕೊರಿಂಥದ ಸಭೆಯಲ್ಲಿ ಒಬ್ಬನು ದುರಾಚಾರದಿಂದ ಕೆಟ್ಟನು. ಹೊರಗಿನವರ ಕಣ್ಣಿಗೆ ಇವರೆಲ್ಲರೂ ಒಂದೇ ತೆರ. ಎಲ್ಲರೂ ಸಭೆಯಿಂದ ದೂರ ಸರಿದವರು. ಆದರೆ ಸಂಶಯಗ್ರಸ್ತನಿಗೆ ಬೇಕಾದುದು ಭಯಗ್ರಸ್ತನಿಗೆ ಬೇಕಾದುದಲ್ಲ. ನಿರಾಶನಿಗೆ ಹೇಳತಕ್ಕ ಮಾತು ದುರಾಚಾರಿಗೆ ಹೇಳತಕ್ಕುದಲ್ಲ. ಎಲ್ಲರಿಗೂ ಒಂದೇ ಉಪದೇಶವನ್ನು ಒಪ್ಪಿಸುವವನು ಉಪದೇಶಕನಾಗಬಹುದೇ ಹೊರತು ಬಂಧುವಾಗಲಾರನು.

ಲೂಕನ ಸುವಾರ್ತೆಯ ೧೫ನೆಯ ಅಧ್ಯಾಯದಲ್ಲಿ ಕಳೆದುಹೋದುದನ್ನು ಕುರಿತ ಮೂರು ದೃಷ್ಟಾಂತಗಳು ಒಂದಾದಮೇಲೊಂದು ಬರುತ್ತವೆ. ಸುಂಕದವರ ಮತ್ತು ಪಾಪಿಗಳೆನಿಸಿಕೊಂಡವರ ಜೊತೆಯಲ್ಲಿ ಯೇಸು ಕುಳಿತು ಉಣ್ಣುತ್ತಾನೆಂದು ಶಾಸ್ತ್ರಿಗಳೂ ಫರಿಸಾಯರೂ ಗುಣುಗುಟ್ಟಿದಾಗ ಆತನು ಹೇಳಿದ ಕಥೆಗಳಿವು. ಮೊದಲನೆಯದು ಕುರಿಯ ಕಥೆ. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡಿತು. ಕುರುಬನು ತೊಂಬತ್ತೊಂಬತ್ತನ್ನು ಬಿಟ್ಟು ಅದೊಂದನ್ನು ಹುಡುಕಿಕೊಂಡು ಹೋದನು. ಸಿಕ್ಕಾಗ ಹೆಗಲ ಮೇಲೆ ಹೊತ್ತು ತಂದನು. ಎರಡನೆಯದು ನಾಣ್ಯದ ಕಥೆ. ಹತ್ತು ಬೆಳ್ಳಿಯ ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸು ದೀಪ ಹಚ್ಚಿ, ಮನೆ ಗುಡಿಸಿ, ಸಿಕ್ಕುವತನಕ ಹುಡುಕಿದಳು. ಮೂರನೆಯದು ಮಗನ ಕಥೆ. ಕಿರಿಯ ಮಗನು ತನ್ನ ಪಾಲನ್ನು ಕೇಳಿ ಪಡೆದು ದೂರದೇಶಕ್ಕೆ ಹೋಗಿ ಹಾಳು ಮಾಡಿದನು. ಹಸಿವಿನಿಂದ ಬುದ್ಧಿ ಬಂದು ಹಿಂದಿರುಗಿದಾಗ ತಂದೆಯು ದೂರದಿಂದಲೇ ಕಂಡು ಓಡಿಬಂದು ಅಪ್ಪಿಕೊಂಡನು.

ಈ ಮೂರು ಕಥೆಗಳನ್ನು ಒಂದೇ ಅರ್ಥದ ಪುನರುಕ್ತಿಯೆಂದು ಓದುವವರುಂಟು. ಸೂಕ್ಷ್ಮವಾಗಿ ನೋಡಿದರೆ ಹಾಗಲ್ಲ. ಕುರಿಯು ಅಜ್ಞಾನದಿಂದ ತಪ್ಪಿತು. ಮೇವಿನಿಂದ ಮೇವಿಗೆ ತಲೆ ತಗ್ಗಿಸಿಕೊಂಡೇ ಹೋಗಿ, ತಲೆಯೆತ್ತಿದಾಗ ಹಿಂಡು ಕಾಣದಾಯಿತು. ಅಂಥದನ್ನು ಹುಡುಕಿಕೊಂಡು ಹೋಗಲೇಬೇಕು. ತಾನಾಗಿ ಬರುವ ದಾರಿ ಅದಕ್ಕೆ ತಿಳಿಯದು. ನಾಣ್ಯವು ತಾನಾಗಿ ಎಲ್ಲಿಗೂ ಹೋಗಲಿಲ್ಲ. ಮನೆಯೊಳಗೇ ಬಿತ್ತು, ಮನೆಯವರ ಅಲಕ್ಷ್ಯದಿಂದ ಬಿತ್ತು. ಅದಕ್ಕೆ ಬೇಕಾದುದು ದೀಪ ಮತ್ತು ಪೊರಕೆ. ಮಗನಾದರೋ ತಿಳಿದೂ ತಿಳಿದೂ ಹೋದನು. ಅವನ ಹಿಂದೆ ತಂದೆಯು ಹೋಗಲಿಲ್ಲ, ಆಳುಗಳನ್ನು ಕಳುಹಿಸಿ ಕಟ್ಟಿ ತರಿಸಲೂ ಇಲ್ಲ. ಪಾಲು ಕೇಳಿದಾಗ ಕೊಟ್ಟನು, ಹೊರಟಾಗ ತಡೆಯಲಿಲ್ಲ, ಆದರೆ ದೂರದಿಂದಲೇ ಕಂಡನೆಂಬುದರಿಂದ ಅವನ ಕಣ್ಣು ದಾರಿಯ ಮೇಲೆಯೇ ಇದ್ದಿತೆಂದು ಊಹಿಸಬಹುದು. ಹೀಗೆ ಅಜ್ಞಾನದಿಂದ ತಪ್ಪಿದವನನ್ನು ಹುಡುಕಬೇಕು. ಮನೆಯವರ ದೋಷದಿಂದ ಕಳೆದುಹೋದವನಿಗಾಗಿ ಮನೆಯನ್ನೇ ಶುದ್ಧಿಗೊಳಿಸಬೇಕು. ಸಂಕಲ್ಪದಿಂದ ಹೊರಟವನಿಗಾಗಿ ಬಾಗಿಲು ತೆರೆದಿಟ್ಟು ಕಾಯಬೇಕು. ಹುಡುಕುವುದು, ಗುಡಿಸುವುದು, ಕಾಯುವುದು: ಈ ಮೂರರಲ್ಲಿ ಯಾವುದು ಯಾರಿಗೆ ಎಂಬುದನ್ನು ಅರಿಯುವುದೇ ಇಲ್ಲಿಯ ವಿವೇಕ.

ಇಲ್ಲಿ ಒಂದು ಪೂರ್ವಪಕ್ಷವೇಳುವುದು. ಶ್ರದ್ಧೆಯು ಜೀವನಿಗೂ ದೇವನಿಗೂ ಸೇರಿದ ಸಂಬಂಧ. ನಡುವೆ ಮೂರನೆಯವನಿಗೆ ಏನು ಕೆಲಸ? ಅವರವರ ಮನಸ್ಸು ಅವರವರದು. ಕೇಳದೆ ಹೇಳುವುದು ಅಧಿಕಪ್ರಸಂಗವಲ್ಲವೆ? ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಪೂರ್ಣವಾಗಿ ಒಪ್ಪಿದರೆ, ತಮ್ಮನ ವಿಷಯದಲ್ಲಿ ತನಗೆ ಹೊಣೆಯಿಲ್ಲವೆಂದು ದೇವರೆದುರಿಗೆ ವಾದಿಸಿದ ಕಾಯಿನನ ಪಕ್ಷವನ್ನು ಹಿಡಿದಂತಾಗುವುದು. ಮೈಗೆ ಬೇನೆ ಬಂದ ನೆರೆಯವನನ್ನು ಕರೆಯದಿದ್ದರೂ ಹೋಗಿ ವಿಚಾರಿಸುವವರು, ಮನಸ್ಸಿಗೆ ಬೇನೆ ಬಂದವನ ಬಾಗಿಲಿಗೆ ಮಾತ್ರ ಹೋಗದಿರುವುದು ಮರ್ಯಾದೆಯಲ್ಲ, ಉದಾಸೀನ. ಯಾಕೋಬನ ಪತ್ರಿಕೆಯು ದಾರಿ ತಪ್ಪಿದವನನ್ನು ತಿರುಗಿ ತರುವವನ ಪುಣ್ಯವನ್ನು ಹೇಳಿಯೇ ಮುಗಿಯುತ್ತದೆ. ಇದರಿಂದ ಆ ಹೊಣೆಯು ಗುರುಗಳದು ಮಾತ್ರವಲ್ಲ, ಪ್ರತಿಯೊಬ್ಬ ಸಹಧರ್ಮಿಯದೂ ಹೌದೆಂಬುದು ಸ್ಪಷ್ಟ.

ಆ ಹೊಣೆಯನ್ನು ನಿರ್ವಹಿಸುವ ಕ್ರಮವನ್ನು ಮತ್ತಾಯನ ಸುವಾರ್ತೆಯ ೧೮ನೆಯ ಅಧ್ಯಾಯವು ವಿಧಿಸುತ್ತದೆ. ತಪ್ಪು ಮಾಡಿದ ಸೋದರನ ಬಳಿಗೆ ಮೊದಲು ಒಬ್ಬನೇ ಹೋಗಿ ಏಕಾಂತದಲ್ಲಿ ಹೇಳಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸಬೇಕು. ಸಭೆಯ ಮಾತನ್ನೂ ಮೀರಿದರೆ ಅವನನ್ನು ಅನ್ಯನಂತೆಯೂ ಸುಂಕದವನಂತೆಯೂ ಎಣಿಸಬೇಕು. ಲೋಕವ್ಯವಹಾರವು ಈ ಕ್ರಮಕ್ಕೆ ತಲೆಕೆಳಗಾದುದೆಂಬುದನ್ನು ಯಾರೂ ಅಲ್ಲಗಳೆಯಲಾರರು. ಮೊದಲು ಊರಿಗೆಲ್ಲ ಸುದ್ದಿ, ಅನಂತರ ನಾಲ್ವರ ಪಂಚಾಯಿತಿ. ಕಟ್ಟಕಡೆಗೆ, ಅದೂ ನೆನಪಾದರೆ, ಅವನೊಬ್ಬನ ಸಂಗಡ ಮಾತು. ಏಕಾಂತದಲ್ಲಿ ಹೇಳಿದ ಮಾತು ಅವನ ಮಾನವನ್ನು ಉಳಿಸುತ್ತದೆ. ಮಾನ ಉಳಿದವನಿಗೆ ತಿರುಗಿ ಬರಲು ದಾರಿ ಉಳಿದಿರುತ್ತದೆ. ಬಯಲಿಗೆಳೆಯಲ್ಪಟ್ಟವನು ತನ್ನ ತಪ್ಪಿಗಿಂತ ತನ್ನ ಅವಮಾನವನ್ನೇ ಹೆಚ್ಚಾಗಿ ನೆನೆಯುವನು.

ಆ ವಿಧಿಯ ಕೊನೆಯ ಮಾತೂ ಚಿಂತನೀಯವಾದುದು. ಸುಂಕದವನಂತೆ ಎಣಿಸಬೇಕೆಂದರೆ ಹೊರದೂಡಿ ಮರೆಯಬೇಕೆಂದು ಅರ್ಥ ಮಾಡುವುದು ಸುಲಭ. ಆದರೆ ಸುಂಕದವರ ಮನೆಯಲ್ಲಿ ಕುಳಿತು ಉಂಡವನೇ ಯೇಸು. ಆ ಸುವಾರ್ತೆಯು ಯಾರ ಹೆಸರಿನಲ್ಲಿದೆಯೋ ಆ ಮತ್ತಾಯನೇ ಸುಂಕದ ಕಟ್ಟೆಯಿಂದ ಕರೆಸಿಕೊಂಡು ಶಿಷ್ಯನಾದವನು. ಹಾಗಾದರೆ ಕೊನೆಯ ಮೆಟ್ಟಿಲು ಸಂಬಂಧದ ಅಂತ್ಯವಲ್ಲ. ಸದಸ್ಯನೆಂಬ ಲೆಕ್ಕವನ್ನು ಬಿಟ್ಟು, ಹೊಸಬನೊಡನೆ ಆರಂಭಿಸುವಂತೆ ಮೊದಲಿನಿಂದ ಆರಂಭಿಸುವುದು. ಅದೇ ಅಧ್ಯಾಯದಲ್ಲಿ ಈ ವಿಧಿಗೆ ಮುಂಚೆ ಕಳೆದ ಕುರಿಯ ಕಥೆಯೂ, ವಿಧಿಯಾದ ಮೇಲೆ ಏಳು ಸಲವಲ್ಲ, ಎಪ್ಪತ್ತೇಳರಷ್ಟು ಸಲ ಕ್ಷಮಿಸಬೇಕೆಂದು ಪೇತ್ರನಿಗೆ ಕೊಟ್ಟ ಉತ್ತರವೂ ಬರುವುದರಿಂದ ಈ ಅರ್ಥವೇ ಯುಕ್ತವೆಂದು ತೋರುತ್ತದೆ.

ಎರಡನೆಯ ಪೂರ್ವಪಕ್ಷವು ಇದಕ್ಕಿಂತ ಕಠಿನವಾದುದು. ಸಭೆಯು ಪರಿಶುದ್ಧವಾಗಿರಬೇಕು, ಒಂದು ಕೊಳೆತ ಹಣ್ಣು ಬುಟ್ಟಿಯನ್ನೆಲ್ಲ ಕೆಡಿಸುವುದು, ಆದುದರಿಂದ ಜಾರಿದವನನ್ನು ತಿರುಗಿ ಸೇರಿಸಕೂಡದು. ಈ ಪ್ರಶ್ನೆ ಕ್ರಿ. ಶ. ಮೂರನೆಯ ಶತಮಾನದಲ್ಲಿ ಬರಿಯ ತರ್ಕವಾಗಿರದೆ ರಕ್ತದ ಪ್ರಶ್ನೆಯಾಯಿತು. ೨೫೦ರಲ್ಲಿ ರೋಮಿನ ಚಕ್ರವರ್ತಿ ಡೇಸಿಯಸನ ಶಾಸನದಂತೆ ಪ್ರಜೆಗಳೆಲ್ಲರೂ ದೇವತೆಗಳಿಗೆ ಬಲಿಯನ್ನರ್ಪಿಸಿ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕಾಯಿತು. ಅಂಥ ನಲವತ್ತಕ್ಕೂ ಹೆಚ್ಚು ಪತ್ರಗಳು ಈಜಿಪ್ಟಿನ ಮರಳಿನಲ್ಲಿ ದೊರೆತಿವೆ. ಕೆಲವು ಕ್ರೈಸ್ತರು ಪ್ರಾಣಕ್ಕಂಜದೆ ಸೆರೆಗೆ ಹೋದರು, ಸತ್ತರು. ಅನೇಕರು ಬಲಿಯನ್ನರ್ಪಿಸಿದರು, ಮತ್ತೆ ಕೆಲವರು ಅರ್ಪಿಸದೆಯೇ ಲಂಚ ಕೊಟ್ಟು ಪತ್ರ ಸಂಪಾದಿಸಿದರು. ಉಪದ್ರವ ಶಾಂತವಾದಮೇಲೆ ಇವರೆಲ್ಲ ಅಳುತ್ತ ಸಭೆಯ ಬಾಗಿಲಿಗೆ ಬಂದು ನಿಂತರು. ಸೆರೆಯಲ್ಲಿ ಮಗನನ್ನು ಕಳೆದುಕೊಂಡ ತಾಯಿಯೂ ಅದೇ ಸಭೆಯಲ್ಲಿ ಕುಳಿತಿರುವಳಷ್ಟೆ. ಅವಳ ಪಕ್ಕದಲ್ಲಿ, ಪತ್ರ ಕೊಂಡು ಸುಖವಾಗಿದ್ದವನಿಗೆ ಸ್ಥಳ ಕೊಡುವುದು ನ್ಯಾಯವೆ?

ರೋಮಿನ ನೊವಾಷಿಯನನು ಕೊಡಕೂಡದೆಂದನು. ೨೫೧ರಲ್ಲಿ ಪ್ರತ್ಯೇಕ ಸಭೆಯನ್ನೇ ಕಟ್ಟಿದನು. ಇತ್ತ ಆಫ್ರಿಕದ ಕಾರ್ಥೇಜಿನಲ್ಲಿ ಕೆಲವರು ಪ್ರಾಯಶ್ಚಿತ್ತದ ಗೋಜೇ ಬೇಡ, ಒಡನೆ ಸೇರಿಸಿಕೊಳ್ಳಿರೆಂದರು. ಅಲ್ಲಿಯ ಬಿಷಪ್ಪನಾದ ಸಿಪ್ರಿಯನನು ಎರಡನ್ನೂ ಒಪ್ಪಲಿಲ್ಲ. ಒಬ್ಬೊಬ್ಬನ ಸಂಗತಿಯನ್ನೂ ಬೇರೆ ಬೇರೆಯಾಗಿ ವಿಚಾರಿಸಬೇಕು. ಕ್ರೂರ ಹಿಂಸೆಗೆ ಬಾಗಿದವನೂ, ಹೆದರಿಕೆಗೆ ಮುಂಚೆಯೇ ಓಡಿಹೋಗಿ ಬಲಿಯನ್ನರ್ಪಿಸಿದವನೂ ಸಮಾನರಲ್ಲ. ಪಶ್ಚಾತ್ತಾಪಕ್ಕೆ ಕಾಲ ಬೇಕು, ಆದರೆ ಬಾಗಿಲು ಮುಚ್ಚಕೂಡದು ಎಂಬುದು ಅವನ ಮತ. ಗಾಯದ ಮೇಲೆ ಬೇಗ ತೊಗಲು ಮುಚ್ಚಿದರೆ ಒಳಗೆ ಕೀವು ನಿಲ್ಲುವುದೆಂಬುದನ್ನು ಅವನು ಬಲ್ಲವನಾಗಿದ್ದನು. ಗಾಯಗೊಂಡವನನ್ನು ಬೀದಿಗೆಸೆಯುವುದು ವೈದ್ಯವಲ್ಲವೆಂಬುದನ್ನೂ ಬಲ್ಲವನಾಗಿದ್ದನು. ಆ ಉಪದ್ರವದ ಕಾಲದಲ್ಲಿ ಸಿಪ್ರಿಯನನು ತಲೆಮರೆಸಿಕೊಂಡಿದ್ದನೆಂಬುದೂ, ೨೫೮ರಲ್ಲಿ ಮತ್ತೊಮ್ಮೆ ಉಪದ್ರವವುಂಟಾದಾಗ ಧೈರ್ಯದಿಂದ ತಲೆಯೊಡ್ಡಿದನೆಂಬುದೂ ಸ್ಮರಣೀಯ. ಒಂದು ಸಲ ಹಿಂದೆ ಸರಿದವನು ಎಂದೆಂದಿಗೂ ಅಂಜುಬುರುಕನೆಂದು ನಿರ್ಣಯಿಸಬಾರದೆಂಬುದಕ್ಕೆ ಅವನ ಬಾಳೇ ನಿದರ್ಶನ.

ಮುಂದೆ ೩೨೫ರಲ್ಲಿ ಸೇರಿದ ನಿಕೇಯದ ಮಹಾಸಭೆಯು ಬಲಾತ್ಕಾರವಿಲ್ಲದೆಯೇ ಜಾರಿದವರಿಗೆ ಕೂಡ ತಿರುಗಿ ಬರುವ ಮಾರ್ಗವನ್ನು ವಿಧಿಸಿತು: ಮೂರು ವರ್ಷ ಕೇಳುಗರ ಸ್ಥಾನ, ಏಳು ವರ್ಷ ಸಾಷ್ಟಾಂಗಿಗಳ ಸ್ಥಾನ, ಎರಡು ವರ್ಷ ನೈವೇದ್ಯದಲ್ಲಿ ಭಾಗವಿಲ್ಲದ ಪ್ರಾರ್ಥನೆ, ಒಟ್ಟು ಹನ್ನೆರಡು ವರ್ಷ. ದೀರ್ಘವೆಂದೇ ತೋರುವುದು. ಆದರೆ ಸಾಯುವವನು ಬೇಡಿದರೆ ಪ್ರಸಾದವನ್ನು ನಿರಾಕರಿಸಕೂಡದೆಂದೂ ಅದೇ ಸಭೆಯು ಕಟ್ಟಳೆ ಮಾಡಿತು. ಕಟ್ಟಳೆಯ ಕಾಠಿನ್ಯಕ್ಕೆ ಕರುಣೆಯ ಗಡಿಯೊಂದು ಇರಲೇಬೇಕೆಂಬುದು ಇದರ ತಾತ್ಪರ್ಯ. ಪರಿಶುದ್ಧಿಯ ವಾದಿಗಳಿಗೆ ಉತ್ತರವೂ ಇಲ್ಲಿಯೇ ಇದೆ. ಬುಟ್ಟಿಯ ಹಣ್ಣು ಕೊಳೆತರೆ ಮರಳಿ ಹಸನಾಗದು, ಮನುಷ್ಯನು ಹಣ್ಣಲ್ಲ.

ಮೂರನೆಯ ಪೂರ್ವಪಕ್ಷವು ಪ್ರೇಮದ ವೇಷದಲ್ಲಿ ಬರುವುದರಿಂದ ಎಲ್ಲಕ್ಕಿಂತ ಅಪಾಯಕರವಾದುದು. ಜಾರಿದವನಿಗೆ ಪರಲೋಕವೇ ಕೆಡುವುದಾದರೆ, ಬಲವಂತದಿಂದಲಾದರೂ ಉಳಿಸುವುದು ದಯೆಯಲ್ಲವೆ? ಬಾವಿಗೆ ಬೀಳುವ ಕುರುಡನನ್ನು ಅನುಮತಿ ಕೇಳಿ ಹಿಡಿಯುವರೆ? ಈ ವಾದವನ್ನು ಒಪ್ಪಿದವರಲ್ಲಿ ಅಗಸ್ಟೀನನಂಥ ಮಹಾಮತಿಯೂ ಒಬ್ಬನು. ಉತ್ತರ ಆಫ್ರಿಕದಲ್ಲಿ ಡೊನಾಟಿಸ್ಟರೆಂಬವರು ಬೇರೆ ಸಭೆಯಾಗಿ ಒಡೆದುಹೋಗಿದ್ದರು. ಮೊದಲು ಅಗಸ್ಟೀನನು ವಾದದಿಂದಲೇ ಅವರನ್ನು ಗೆಲ್ಲಬೇಕೆಂದಿದ್ದನು. ಚಕ್ರವರ್ತಿಯ ಶಾಸನಗಳಿಗೆ ಅಂಜಿ ತನ್ನ ಊರಿನವರೇ ಬಂದು ಸೇರಿದುದನ್ನು ಕಂಡಮೇಲೆ ಅವನ ಅಭಿಪ್ರಾಯ ಬದಲಾಯಿತು. ೪೦೮ರ ಒಂದು ಪತ್ರದಲ್ಲಿ ಅದನ್ನು ಅವನೇ ತಿಳಿಸಿದ್ದಾನೆ. ಔತಣಕ್ಕೆ ಜನರನ್ನು ಒತ್ತಾಯದಿಂದ ಕರೆತರುವ ದೃಷ್ಟಾಂತವೊಂದು ಲೂಕನ ಸುವಾರ್ತೆಯಲ್ಲಿರುವುದು ಅವನಿಗೆ ಆಧಾರವಾಯಿತು. ಅವನು ಮರಣದಂಡನೆಯನ್ನು ಬಯಸಿದವನಲ್ಲ. ಆದರೆ ಅವನು ಅರೆ ತೆರೆದ ಬಾಗಿಲನ್ನು ಮುಂದಿನ ಶತಮಾನಗಳವರು ಪೂರ್ತಿಯಾಗಿ ತೆರೆದರು. ಮತವಿಚಾರಣೆಯ ನ್ಯಾಯಸ್ಥಾನಗಳೂ ಚಿತೆಗಳೂ ಆ ಬಾಗಿಲಿನಿಂದಲೇ ಒಳಗೆ ಬಂದವು. ಕಡೆಗೆ ೧೯೬೫ರ ಡಿಸೆಂಬರ್ ೭ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು, ಮತವಿಷಯದಲ್ಲಿ ಯಾರನ್ನೂ ಬಲಾತ್ಕರಿಸಕೂಡದು, ಈ ಸ್ವಾತಂತ್ರ್ಯವು ಮನುಷ್ಯನ ಘನತೆಯಲ್ಲಿಯೇ ನೆಲೆಗೊಂಡುದು ಎಂದು ಘೋಷಿಸಿತು. ಬಾವಿಯ ಉಪಮಾನದಲ್ಲಿರುವ ದೋಷವೇನೆಂದರೆ, ಕುರುಡನ ದೇಹವನ್ನು ಹಿಡಿದೆಳೆದರೆ ದೇಹ ಉಳಿಯುತ್ತದೆ. ಮನಸ್ಸನ್ನು ಹಿಡಿದೆಳೆದರೆ ಕೈಗೆ ಬರುವುದು ಮನಸ್ಸಲ್ಲ, ಬರಿಯ ತಲೆಬಾಗುವಿಕೆ.

ಸೋಜಿಗದ ಸಂಗತಿಯೆಂದರೆ, ಅಗಸ್ಟೀನನೇ ಒಂದು ಕಾಲದಲ್ಲಿ ಜಾರಿದವನು, ಮತ್ತು ಅವನನ್ನು ತಂದುದು ಬಲಾತ್ಕಾರವಲ್ಲ. ೩೫೪ರಲ್ಲಿ ಹುಟ್ಟಿದ ಆತನು ತಾರುಣ್ಯದಲ್ಲಿ ತಾಯಿ ಮೋನಿಕಳ ಮತವನ್ನು ಬಿಟ್ಟು ಸುಮಾರು ಒಂಬತ್ತು ವರ್ಷ ಮಾನಿಯ ಪಂಥದಲ್ಲಿದ್ದನು. ಮೊದಮೊದಲು ಆ ತಾಯಿ ಮಗನೊಡನೆ ಒಂದೇ ಮನೆಯಲ್ಲಿರಲೂ ಒಂದೇ ಪಂಕ್ತಿಯಲ್ಲುಣ್ಣಲೂ ಒಲ್ಲದಾದಳು. ಆಮೇಲೆ ಒಂದು ಕನಸಿನಿಂದ ಸಮಾಧಾನಗೊಂಡು ಮರಳಿ ಅವನನ್ನು ಮನೆಗೆ ಸೇರಿಸಿದಳು. ಒಬ್ಬ ಬಿಷಪ್ಪನ ಬಳಿಗೆ ಹೋಗಿ ತನ್ನ ಮಗನೊಡನೆ ವಾದ ಮಾಡಬೇಕೆಂದು ಬೇಡಿದಳು. ಬಾಲ್ಯದಲ್ಲಿ ಅದೇ ಪಂಥದಲ್ಲಿ ಬೆಳೆದು, ಅದರ ಗ್ರಂಥಗಳನ್ನೋದಿ, ಯಾರ ವಾದವೂ ಇಲ್ಲದೆ ತಾನೇ ಹೊರಬಂದಿದ್ದ ಆತನು ಒಪ್ಪಲಿಲ್ಲ. ಹೊಸ ಮತದ ಹುರುಪಿನಲ್ಲಿರುವ ತರುಣನು ಈಗ ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿಲ್ಲ. ಅವನನ್ನು ಅವನಷ್ಟಕ್ಕೆ ಬಿಟ್ಟು ಪ್ರಾರ್ಥಿಸಿದರೆ ಸಾಕು, ಓದುತ್ತ ಓದುತ್ತ ತಾನೇ ತಿಳಿಯುವನು ಎಂಬುದು ಅವನ ಸಲಹೆ. ಮುಂದೆ ಮಿಲಾನಿನಲ್ಲಿ ಅಂಬ್ರೋಸನನ್ನು ಕಂಡಾಗ, ಅಗಸ್ಟೀನನ ಮನಸ್ಸು ಒಲಿದುದು ಮೊದಲು ಬೋಧೆಗಲ್ಲ, ತನ್ನನ್ನು ಆದರದಿಂದ ಕಂಡ ಒಬ್ಬ ಮನುಷ್ಯನ ಸೌಜನ್ಯಕ್ಕೆ. ೩೮೭ರಲ್ಲಿ ಅವನಿಗೆ ದೀಕ್ಷಾಸ್ನಾನವಾಯಿತು. ಅದೇ ವರ್ಷ ಮೋನಿಕ ತೀರಿಕೊಂಡಳು. ಪಂಕ್ತಿಯಿಂದ ಹೊರಗಿಟ್ಟಾಗ ಆಗದುದು, ಪಂಕ್ತಿಯಲ್ಲಿ ಕೂರಿಸಿ ಕಾದಾಗ ಆಯಿತು. ಗೃಹಸ್ಥರಾದವರು ಈ ಸಂಗತಿಯನ್ನು ಮನಸ್ಸಿನಲ್ಲಿಡತಕ್ಕದ್ದು.

ಹಾಗಾದರೆ ಸಹಧರ್ಮಿಯು ಕಾರ್ಯತಃ ಮಾಡಬೇಕಾದುದೇನು? ಮೊದಲನೆಯದು ಕೇಳುವುದು. ಲೂಕನು ಹೇಳುವ ಎಮ್ಮಾಹುವಿನ ದಾರಿಯ ಕಥೆ ಇದಕ್ಕೆ ಆದರ್ಶ. ಗುರುವು ಸತ್ತನೆಂದು ನಿರಾಶರಾದ ಇಬ್ಬರು ಯೆರೂಸಲೇಮಿಗೆ ಬೆನ್ನು ಹಾಕಿ ಸುಮಾರು ಹನ್ನೊಂದು ಕಿಲೋಮೀಟರು ದೂರದ ಹಳ್ಳಿಗೆ ನಡೆದಿದ್ದರು. ಗುರುತು ಸಿಗದ ರೂಪದಲ್ಲಿ ಯೇಸುವು ಅವರ ಜೊತೆಗೂಡಿದನು. ಎದುರಿಗೆ ನಿಂತು ತಡೆಯಲಿಲ್ಲ. ಅವರು ಹೊರಟ ದಿಕ್ಕಿನಲ್ಲಿಯೇ ತಾನೂ ನಡೆದನು. ಏನು ಮಾತಾಡುತ್ತಿದ್ದೀರೆಂದು ಕೇಳಿ ಅವರ ದುಃಖವನ್ನೆಲ್ಲ ಅವರ ಬಾಯಿಂದಲೇ ಹೇಳಿಸಿದನು. ಶಾಸ್ತ್ರಾರ್ಥವನ್ನು ಬಿಡಿಸಿದುದು ಆಮೇಲೆ. ಹಳ್ಳಿ ಬಂದಾಗ ಮುಂದಕ್ಕೆ ಹೋಗುವವನಂತೆ ತೋರಿದನು. ಅವರು ಕರೆದ ಮೇಲೆಯೇ ಒಳಗೆ ಹೋದನು. ರೊಟ್ಟಿ ಮುರಿದು ಕೊಟ್ಟಾಗ ಅವರ ಕಣ್ಣು ತೆರೆಯಿತು. ಅದೇ ರಾತ್ರಿ ತಾವಾಗಿಯೇ ಯೆರೂಸಲೇಮಿಗೆ ಹಿಂದಿರುಗಿದರು. ಜೊತೆಗೆ ನಡೆಯುವುದು, ಕೇಳುವುದು, ತಿಳಿಯಹೇಳುವುದು, ಕರೆಯುವತನಕ ಕಾಯುವುದು, ಕೂಡಿ ಉಣ್ಣುವುದು: ಈ ಅನುಕ್ರಮವನ್ನು ಕೆಡಿಸಿ, ತಿಳಿಯಹೇಳುವುದರಿಂದಲೇ ಆರಂಭಿಸುವವನ ಶ್ರಮ ವ್ಯರ್ಥವಾಗುವುದು.

ಎರಡನೆಯದು, ನಿಜವಾದ ಕಾರಣವನ್ನು ಕಂಡುಕೊಳ್ಳುವುದು. ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದಲ್ಲಿ ೧೭೪೨ರಲ್ಲಿ ಜಾನ್ ವೆಸ್ಲಿಯ ಅನುಯಾಯಿಗಳು ಪ್ರಾರ್ಥನಾಮಂದಿರದ ಸಾಲ ತೀರಿಸಲು ಒಂದು ಏರ್ಪಾಡು ಮಾಡಿದರು. ಹನ್ನೆರಡು ಮಂದಿಗೆ ಒಬ್ಬ ಮುಖಂಡ. ಅವನು ವಾರಕ್ಕೊಮ್ಮೆ ಪ್ರತಿಯೊಬ್ಬನಿಂದ ಒಂದೊಂದು ಪೆನ್ನಿಯನ್ನು ಕೂಡಿಸಬೇಕು. ಹಣಕ್ಕಾಗಿ ಮನೆಮನೆಗೆ ಹೋದವರಿಗೆ ಸಭೆಯಲ್ಲಿ ಕಾಣದಿದ್ದ ಬಾಳಿನ ನಿಜಸ್ಥಿತಿ ಕಂಡುಬಂತು. ವೆಸ್ಲಿಯು ಆ ಏರ್ಪಾಡನ್ನೇ ಪರಸ್ಪರ ಯೋಗಕ್ಷೇಮವನ್ನು ವಿಚಾರಿಸುವ ಸಂಘವನ್ನಾಗಿ ಮಾಡಿದನು. ಮತತ್ಯಾಗವೆಂದು ತೋರುವುದರ ಹಿಂದೆ ಎಷ್ಟೋ ಸಲ ಇರುವುದು ಸಾಲ, ಕಾಯಿಲೆ, ಕುಡಿತ, ಗಂಡಹೆಂಡಿರ ವೈಮನಸ್ಯ, ಸತ್ತ ಮಗುವಿನ ಶೋಕ. ಮಗುವನ್ನು ಕಳೆದುಕೊಂಡವನು ದೇವರಿಲ್ಲವೆಂದರೆ ಅದು ಸಿದ್ಧಾಂತವಲ್ಲ, ಅಳು. ಅಳುವಿಗೆ ಉತ್ತರ ತರ್ಕವಲ್ಲ.

ಮೂರನೆಯದು, ಮನೆಯನ್ನು ಗುಡಿಸುವುದು. ಸಭೆಯ ದೋಷದಿಂದಲೇ ಹೊರಟುಹೋದವರು ಅನೇಕರು. ಅಮೆರಿಕದ ಬಾಸ್ಟನ್ ನಗರದಲ್ಲಿ ಪಾದ್ರಿಗಳು ಮಕ್ಕಳ ಮೇಲೆ ನಡೆಸಿದ ದೌರ್ಜನ್ಯವೂ, ಮೇಲಿನವರು ಅದನ್ನು ಮುಚ್ಚಿಟ್ಟುದೂ ೨೦೦೨ರಲ್ಲಿ ಬೆಳಕಿಗೆ ಬಂದಾಗ ಎಷ್ಟೋ ಭಕ್ತರ ನಂಬಿಕೆ ಒಡೆಯಿತು. ಭಾರತದ ಕೆಲವೆಡೆ ದಲಿತ ಕ್ರೈಸ್ತರಿಗೆ ಸಭೆಯಲ್ಲಿ ಬೇರೆ ಸ್ಥಳ, ಸತ್ತಮೇಲೆ ಬೇರೆ ಸಮಾಧಿಭೂಮಿ ಎಂಬ ಅನ್ಯಾಯವೂ ನಡೆದುಬಂದಿದೆ. ಅಂಥಲ್ಲಿಂದ ಎದ್ದುಹೋದವನನ್ನು ಜಾರಿದವನೆಂದು ಕರೆಯುವುದೇ ತಪ್ಪು. ಅವನ ಬಳಿಗೆ ಉಪದೇಶ ಹೊತ್ತು ಹೋಗುವುದಕ್ಕೆ ಮೊದಲು ದೀಪ ಹಚ್ಚಿ ಮನೆಯ ಮೂಲೆಗಳನ್ನು ನೋಡಬೇಕು.

ನಾಲ್ಕನೆಯದು, ತಿರುಗಿ ಬಂದವನಿಗೆ ಕೆಲಸ ಕೊಡುವುದು. ಪೇತ್ರನು ಇದ್ದಲ ಬೆಂಕಿಯ ಬಳಿ ನಿಂತು ಮೂರು ಸಲ ಗುರುವನ್ನು ನಿರಾಕರಿಸಿದನು. ಯೋಹಾನನ ಸುವಾರ್ತೆಯ ಪ್ರಕಾರ, ಮುಂದೆ ಕೆರೆಯ ದಡದಲ್ಲಿ ಮತ್ತೊಂದು ಇದ್ದಲ ಬೆಂಕಿಯ ಬಳಿ ಯೇಸುವು ಅವನಿಗೆ ಊಟವಿಕ್ಕಿ, ತನ್ನ ಮೇಲೆ ಪ್ರೀತಿಯುಂಟೆ ಎಂದು ಮೂರು ಸಲ ಕೇಳಿದನು. ಹಳೆಯ ತಪ್ಪಿನ ಹೆಸರೆತ್ತಲಿಲ್ಲ. ಪ್ರತಿಯೊಂದು ಉತ್ತರಕ್ಕೂ ತನ್ನ ಕುರಿಗಳ ಹೊಣೆಯನ್ನು ಒಪ್ಪಿಸಿದನು. ಕ್ಷಮಿಸಿದೆನೆಂದು ಬಾಯಲ್ಲಿ ಹೇಳಿ, ನಂಬಿಕೆಯ ಕೆಲಸವೊಂದನ್ನೂ ಕೊಡದೆ ಮೂಲೆಯಲ್ಲಿ ಕೂರಿಸುವುದು ಅರೆಕ್ಷಮೆ. ಕೊರಿಂಥದಲ್ಲಿ ದಂಡನೆಗೊಳಗಾಗಿದ್ದ ಒಬ್ಬನ ವಿಷಯದಲ್ಲಿ ಪೌಲನು ಬರೆದುದೂ ಇದೇ ಅರ್ಥದ್ದು: ಆದ ದಂಡನೆ ಸಾಕು, ಇನ್ನು ಸಂತೈಸಿರಿ, ಇಲ್ಲವಾದರೆ ಅತಿದುಃಖದಲ್ಲಿ ಅವನು ಮುಳುಗಿಹೋದಾನು ಎಂಬುದು ಆ ಮಾತಿನ ಸಾರ. ಆರನೆಯ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟನು ತನ್ನ ಸಂನ್ಯಾಸಿಗಳಿಗಾಗಿ ರಚಿಸಿದ ನಿಯಮಾವಳಿಯ ೨೭ನೆಯ ಅಧ್ಯಾಯದಲ್ಲಿ ಇದನ್ನೇ ವ್ಯವಸ್ಥೆಗೊಳಿಸಿದನು. ತಪ್ಪಿಗಾಗಿ ಪಂಕ್ತಿಯಿಂದ ಹೊರಗಾದ ಸೋದರನ ಬಳಿಗೆ ಮಠಾಧಿಪತಿಯು ವೃದ್ಧರೂ ವಿವೇಕಿಗಳೂ ಆದ ಸೋದರರನ್ನು ಗುಟ್ಟಾಗಿಯೋ ಎಂಬಂತೆ ಕಳುಹಿಸಿ ಸಂತೈಸಬೇಕು. ದಂಡಿಸುವ ಕೈಯೇ ಕಣ್ಣೀರೊರಸುವವರನ್ನೂ ಕಳುಹಿಸುವುದು. ಆ ನಿಯಮದ ಸೊಗಸು ಅಲ್ಲಿದೆ.

ಇನ್ನು ಎತ್ತಲು ಹೋದವನ ಅಪಾಯವನ್ನು ಕುರಿತು. ಗಲಾತ್ಯದವರಿಗೆ ಬರೆದ ಪತ್ರಿಕೆಯ ೬ನೆಯ ಅಧ್ಯಾಯದಲ್ಲಿ ಪೌಲನು, ತಪ್ಪಿನಲ್ಲಿ ಸಿಕ್ಕಿದವನನ್ನು ಶಾಂತಭಾವದಿಂದ ಸರಿಪಡಿಸಬೇಕು, ಹಾಗೆ ಮಾಡುವಾಗ ತಾನೂ ಶೋಧನೆಗೆ ಒಳಗಾಗದಂತೆ ತನ್ನನ್ನು ನೋಡಿಕೊಳ್ಳಬೇಕು ಎಂದು ವಿಧಿಸುತ್ತಾನೆ. ಅಲ್ಲಿ ಸರಿಪಡಿಸುವುದಕ್ಕೆ ಗ್ರೀಕ್ ಮೂಲದಲ್ಲಿ ಬಳಸಿದ ಕ್ರಿಯಾಪದವನ್ನೇ ಮಾರ್ಕನು ತನ್ನ ಮೊದಲನೆಯ ಅಧ್ಯಾಯದಲ್ಲಿ ಬೆಸ್ತರು ಹರಿದ ಬಲೆಯನ್ನು ಸರಿಮಾಡುವುದಕ್ಕೂ ಬಳಸಿದ್ದಾನೆ. ಅದೇ ಧಾತುವಿನ ಶಬ್ದವನ್ನು ಗ್ರೀಕ್ ವೈದ್ಯರು ಕದಲಿದ ಮೂಳೆಯನ್ನು ಸ್ವಸ್ಥಾನಕ್ಕೆ ಕೂಡಿಸುವುದಕ್ಕೂ ಬಳಸುತ್ತಿದ್ದರು. ಹರಿದ ಬಲೆಯನ್ನು ಯಾರೂ ಬೈಯುವುದಿಲ್ಲ. ಮುರಿದ ಮೂಳೆಯನ್ನು ಯಾರೂ ಗುದ್ದುವುದಿಲ್ಲ. ತಾಳ್ಮೆ, ಕೈಹಿಡಿತ, ನೋವಿನ ಅರಿವು: ಇವು ಬೇಕು. ಮುಂದೆ ಪೌಲನು ಒಬ್ಬರ ಭಾರವನ್ನೊಬ್ಬರು ಹೊರಬೇಕೆಂದೂ, ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕೆಂದೂ ಹೇಳುವನು. ಮೂಲದಲ್ಲಿ ಭಾರಕ್ಕೂ ಹೊರೆಗೂ ಬೇರೆ ಬೇರೆ ಶಬ್ದಗಳಿರುವುದರಿಂದ ವಿರೋಧವಿಲ್ಲ. ದುಃಖದ ಭಾರಕ್ಕೆ ಹೆಗಲು ಕೊಡಬಹುದು; ನಂಬುವ ಇಲ್ಲವೆ ನಂಬದಿರುವ ನಿರ್ಣಯದ ಹೊರೆಯನ್ನು ಮಾತ್ರ ಮತ್ತೊಬ್ಬನ ಪರವಾಗಿ ಯಾರೂ ಹೊರಲಾರರು.

ಕಳೆದ ಮಗನ ಕಥೆಯಲ್ಲಿ ಹಿರಿಯ ಮಗನೊಬ್ಬನಿರುವನೆಂಬುದನ್ನು ಮರೆಯಬಾರದು. ಅವನು ಎಂದೂ ಮನೆ ಬಿಟ್ಟವನಲ್ಲ, ಮಾತು ಮೀರಿದವನಲ್ಲ. ತಮ್ಮನು ಬಂದ ಸಂಭ್ರಮದ ಸದ್ದು ಕೇಳಿ ಸಿಟ್ಟಾಗಿ ಒಳಗೆ ಬರಲೊಲ್ಲದೆ ಹೊರಗೆ ನಿಂತನು. ತಂದೆಗೆ ಈಗ ಹೊರಗಿರುವ ಮಗನು ಇವನು! ಅವನನ್ನು ಬೇಡಿಕೊಳ್ಳಲು ತಂದೆಯೇ ಹೊರಗೆ ಬಂದನು. ಅವನು ಒಳಗೆ ಹೋದನೆ, ಇಲ್ಲವೆ ಎಂಬುದನ್ನು ಕಥೆ ಹೇಳುವುದಿಲ್ಲ. ಜಾರಿದವನನ್ನು ತಿದ್ದಹೊರಟ ಪ್ರತಿಯೊಬ್ಬ ನಿಷ್ಠಾವಂತನೂ ಆ ಹೊಸ್ತಿಲಿನ ಹೊರಗೆ ತಾನು ನಿಂತಿಲ್ಲವಷ್ಟೆ ಎಂದು ನೋಡಿಕೊಳ್ಳಬೇಕು. ಸೋದರನು ಬಂದುದಕ್ಕೆ ಸಂತೋಷಪಡಲಾರದವನು ಅವನನ್ನು ಕರೆಯಲು ಹೋಗದಿರುವುದೇ ಲೇಸು.

ಕಡೆಯದಾಗಿ ಒಂದು ಶಂಕೆ ಉಳಿಯುವುದು. ಇಷ್ಟೆಲ್ಲ ಮಾಡಿಯೂ ಅವನು ಬಾರದಿದ್ದರೆ? ಬಾರದಿರಬಹುದು. ದೇಮನು ಹಿಂದಿರುಗಿದನೆಂದು ಸತ್ಯವೇದದಲ್ಲಿ ಎಲ್ಲಿಯೂ ಹೇಳಿಲ್ಲ. ಪ್ರಯತ್ನವು ಮನುಷ್ಯನದು, ಫಲವು ಮನುಷ್ಯನದಲ್ಲ. ಫಲವನ್ನು ತನ್ನದೆಂದು ಭಾವಿಸಿದವನು ಗೆದ್ದರೆ ಗರ್ವಪಡುವನು, ಸೋತರೆ ದ್ವೇಷಿಸುವನು. ಎರಡೂ ಪ್ರೇಮಕ್ಕೆ ಹೊರತಾದುವು. ಮತವನ್ನು ಬಿಟ್ಟವನು ಸೋದರತ್ವವನ್ನು ಬಿಟ್ಟಂತಾಗದು. ಅವನ ಮದುವೆಗೆ ಹೋಗುವುದು, ಅವನ ಕಾಯಿಲೆಯಲ್ಲಿ ಪಕ್ಕದಲ್ಲಿ ಕೂರುವುದು, ಅವನ ತಂದೆ ಸತ್ತಾಗ ಹೆಗಲು ಕೊಡುವುದು, ಇವು ಯಾವುವೂ ಮರಳಿ ಬರುವನೆಂಬ ಕರಾರಿಗೆ ಒಳಪಟ್ಟ ಉಪಕಾರಗಳಾಗಬಾರದು. ಕರಾರಿನ ಪ್ರೀತಿಯನ್ನು ಜಾರಿದವನು ಎಲ್ಲರಿಗಿಂತ ಮೊದಲು ಗುರುತಿಸುವನು.

ತೋಮನು ಸಂಶಯಪಟ್ಟಾಗ ಉಳಿದ ಶಿಷ್ಯರು ಅವನನ್ನು ಹೊರಗೆ ಹಾಕಲಿಲ್ಲ. ಸುಳ್ಳಾಗಿ ನಂಬಿದಂತೆ ನಟಿಸೆಂದು ಪೀಡಿಸಿದಂತೆಯೂ ಕಾಣದು. ಎಂಟು ದಿನಗಳಾದ ಮೇಲೆ ಅವರು ಮತ್ತೆ ಕೂಡಿದಾಗ ಅವನೂ ಅವರೊಡನೆ ಆ ಮನೆಯಲ್ಲಿದ್ದನು. ಅವನ ಸಂಶಯವನ್ನು ಕಳೆದುದು ಅವರ ವಾದವಲ್ಲ. ಕಳೆಯುವ ಕಾಲ ಬಂದಾಗ ಅವನು ಒಳಗಿರುವಂತೆ ನೋಡಿಕೊಂಡುದಷ್ಟೇ ಅವರಿಂದಾದುದು. ಸಹಧರ್ಮಿಯ ಕೈಯಲ್ಲಿರುವುದು ಇಷ್ಟೇ: ಪಂಕ್ತಿಯಲ್ಲಿ ಅವನ ಎಲೆಯನ್ನು ತೆಗೆಯದಿರುವುದು. ಇಷ್ಟನ್ನು ಮಾಡಿದವನು ತನ್ನ ಕರ್ತವ್ಯವನ್ನು ಮಾಡಿದನು.